ತಾಟಿನ ಮುಂದೆ ಅಳುವ ಮಗು

ಊಟ ಒಲ್ಲೆನ್ನುವುದೆಲ್ಲ ಹಟವಲ್ಲ, ಉಪವಾಸವೆಲ್ಲ ಭಕ್ತಿಯೂ ಅಲ್ಲ. ಸ್ವಲೀನತೆಗೂ ಆಹಾರ ಸೇವನೆಯ ಕಾಯಿಲೆಗಳಿಗೂ ಇರುವ ನಂಟನ್ನು ಪಾಲಕರು ತಿಳಿದುಕೊಳ್ಳಬೇಕು.

ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಮಂದಿಯೆಲ್ಲ ದುರದುಂಡೀಶ್ವರ ಮಠದ ದಾಸೋಹದ ಪಂಕ್ತಿಯಲ್ಲಿ ಕೂತಿದ್ದಾರೆ. ಹುಗ್ಗಿ ಬಂತು, ಅನ್ನ ಬಂತು, ಸಾರು ಬಂತು. ಬಕೆಟ್ಟು ಸವಟುಗಳ ಸದ್ದು, ನೂರಾರು ಜನರ ಮಾತು, ಬಿಸಿ ಸಾರಿನ ಘಮ. ಆರು ವರ್ಷದ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಾನೆ. ಸಾರು ಹರಿದು ಅನ್ನಕ್ಕೆ ತಗುಲಿದ್ದೇ ತಡ, ಕಿರುಚಿ ಎದ್ದು ಹೊರಗೆ ಓಡುತ್ತಾನೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು, "ಪ್ರಸಾದಕ್ಕ ಹಿಂಗ ಮಾಡ್ತಾರೇನವಾ? ನೀವ ಲಾಡ ಮಾಡಿ ಕೆಡಿಸೀರಿ" ಎನ್ನುತ್ತಾರೆ. ತಾಯಿ ತಲೆ ತಗ್ಗಿಸಿ ಮಗನ ಹಿಂದೆ ಹೋಗುತ್ತಾಳೆ.

ಮನೆಯಲ್ಲಿ ಅವನು ತಿನ್ನುವುದು ನಾಲ್ಕೇ ಪದಾರ್ಥ: ಮೊಸರನ್ನ, ಚುರುಮುರಿ, ಬಟಾಟೆ ಚಿಪ್ಸು ಮತ್ತು ಒಂದೇ ಕಂಪನಿಯ ಬಿಸ್ಕೀಟು. ಆ ಬಿಸ್ಕೀಟಿನ ಪೊಟ್ಟಣದ ಬಣ್ಣ ಬದಲಾದಾಗ ಮೂರು ದಿನ ಅದನ್ನೂ ಮುಟ್ಟಲಿಲ್ಲ.

ಅದೇ ಮನೆಯಲ್ಲಿ ಅವನ ಅಕ್ಕನಿದ್ದಾಳೆ. ಹದಿನಾರು ವರ್ಷ, ಪಿಯುಸಿ ಓದುತ್ತಾಳೆ. ಜಾಣೆ, ಮಾತು ಕಡಿಮೆ, ಗೆಳತಿಯರು ಒಬ್ಬಿಬ್ಬರು. ಶ್ರಾವಣದಲ್ಲಿ ಸೋಮವಾರದ ಉಪವಾಸ ಹಿಡಿದಳು. ಶ್ರಾವಣ ಮುಗಿದರೂ ಉಪವಾಸ ಮುಗಿಯಲಿಲ್ಲ. ವಾರಕ್ಕೆ ಒಂದಿದ್ದದ್ದು ಮೂರಾಯಿತು. ಉಳಿದ ದಿನಗಳಲ್ಲಿ ಒಂದೇ ರೊಟ್ಟಿ, ಅದೂ ಅಳೆದು ನೋಡಿ. ಆಯಿ ಊರವರ ಮುಂದೆ ಮೊಮ್ಮಗಳ ನೇಮನಿಷ್ಠೆಯನ್ನು ಹೊಗಳುತ್ತಾಳೆ.

ತಮ್ಮನದು ಹಟ ಎನಿಸಿತು, ಅಕ್ಕನದು ಭಕ್ತಿ ಎನಿಸಿತು. ಎರಡೂ ಬೇರೆ ಏನೋ ಆಗಿರಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಈ ಮನೆ ಕಲ್ಪನೆಯದು. ಆದರೆ ಇಂಥ ಮಕ್ಕಳು ಕಲ್ಪನೆಯಲ್ಲ. ನಿಮ್ಮ ಓಣಿಯಲ್ಲಿ, ನಿಮ್ಮ ಬಳಗದಲ್ಲಿ, ನಿಮ್ಮ ಮನೆಯಲ್ಲಿಯೇ ಇರಬಹುದು.

ಸ್ವಲೀನತೆ ಎಂದರೇನು?

ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಇದು ರೋಗವಲ್ಲ, ಹುಟ್ಟಿನಿಂದಲೇ ಮಿದುಳು ಬೆಳೆಯುವ ಬಗೆಯಲ್ಲಿರುವ ಭೇದ. ಇತರರೊಡನೆ ಬೆರೆಯುವುದರಲ್ಲಿ, ಮಾತು ಮತ್ತು ಸನ್ನೆಗಳನ್ನು ಅರಿಯುವುದರಲ್ಲಿ ಕಷ್ಟವಿರುತ್ತದೆ. ಮಾಡಿದ್ದನ್ನೇ ಮಾಡುವ, ಎಲ್ಲವೂ ನಿನ್ನೆಯಂತೆಯೇ ಇರಬೇಕೆನ್ನುವ ಸ್ವಭಾವವಿರುತ್ತದೆ. ಸದ್ದು, ಬೆಳಕು, ವಾಸನೆ, ಸ್ಪರ್ಶಗಳು ನಮಗಿಂತ ಹೆಚ್ಚಾಗಿ ಅಥವಾ ತೀರ ಕಡಿಮೆಯಾಗಿ ತಾಗುತ್ತವೆ. ಕೆಲವು ಮಕ್ಕಳಿಗೆ ಮಾತೇ ಬರುವುದಿಲ್ಲ, ಕೆಲವರು ಓದಿ ಇಂಜಿನಿಯರ್ ಆಗುತ್ತಾರೆ. 2021ರಲ್ಲಿ ಪ್ರಪಂಚದಲ್ಲಿ 127 ಜನರಲ್ಲಿ ಒಬ್ಬರಿಗೆ ಸ್ವಲೀನತೆ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಂದು ಮಗುವಿಗೆ ಇದ್ದರೆ ಒಡಹುಟ್ಟಿದವರಲ್ಲಿಯೂ ಕಾಣಿಸುವ ಸಂಭವ ಇತರರಿಗಿಂತ ಹೆಚ್ಚು. ತಾಯಿ ಸರಿಯಾಗಿ ನೋಡಿಕೊಳ್ಳದ್ದರಿಂದ ಇದು ಬರುತ್ತದೆಂಬ ಹಳೆಯ ಮಾತು ಶುದ್ಧ ಸುಳ್ಳು.

ಊಟದ ತೊಂದರೆ ಈ ಸ್ಥಿತಿಯ ಜೊತೆಗೆ ಮೊದಲಿನಿಂದಲೂ ಕಂಡುಬಂದಿದೆ. 1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದಲೇ ಸ್ವಲೀನತೆ ವೈದ್ಯಲೋಕಕ್ಕೆ ಪರಿಚಯವಾಯಿತು. ಆ ಹನ್ನೊಂದರಲ್ಲಿ ಆರು ಮಕ್ಕಳಿಗೆ ಎಳವೆಯಿಂದಲೇ ಉಣ್ಣಿಸುವುದು ಭಾರಿ ಕಷ್ಟವಾಗಿತ್ತೆಂದು ಅವರು ದಾಖಲಿಸಿದ್ದಾರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಸ್ವಲೀನತೆಯುಳ್ಳ ಮಕ್ಕಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಅಸಹಜವಾದ ಊಟದ ರೂಢಿಗಳಿದ್ದವು. ಇತರ ಮಕ್ಕಳಲ್ಲಿ ಈ ಪ್ರಮಾಣ ನೂರಕ್ಕೆ ಐದು ಮಾತ್ರ.

ರೊಟ್ಟಿ ಏಕೆ ಬೇಡ, ಬಿಸ್ಕೀಟು ಏಕೆ ಬೇಕು?

ಬಹಳ ಜನ ತಾಯಂದಿರು ಕೇಳುವ ಪ್ರಶ್ನೆ ಇದು. ಮಗುವಿಗೆ ಅಂಗಡಿ ತಿಂಡಿಯ ಚಟ ಹತ್ತಿದೆ ಎಂದು ನಾವು ತಿಳಿಯುತ್ತೇವೆ. ಒಂದು ಕ್ಷಣ ಮಗುವಿನ ಕಡೆಯಿಂದ ಯೋಚಿಸಿ ನೋಡಿ.

ನೀವು ಇವತ್ತು ಬಡಿದ ರೊಟ್ಟಿ ನಿನ್ನೆಯದರಂತೆ ಇರುವುದಿಲ್ಲ. ಒಂದು ದಪ್ಪ, ಒಂದು ತೆಳು. ಒಂದರ ಮೇಲೆ ಕಪ್ಪು ಚುಕ್ಕೆ, ಇನ್ನೊಂದು ಅರೆಬೆಂದದ್ದು. ಬದನೆಕಾಯಿ ಪಲ್ಯದಲ್ಲಿ ಒಂದು ತುತ್ತು ಮೆತ್ತಗೆ, ಮುಂದಿನ ತುತ್ತಿನಲ್ಲಿ ಬೀಜ. ಝುಣಕ ಒಮ್ಮೆ ಗಟ್ಟಿ, ಒಮ್ಮೆ ತೆಳು. ನಮಗೆ ಇದು ಊಟದ ಸೊಗಸು. ಬಾಯಿಯ ಸ್ಪರ್ಶ ವಿಪರೀತ ಸೂಕ್ಷ್ಮವಾಗಿರುವ ಮಗುವಿಗೆ ಪ್ರತಿ ತುತ್ತೂ ಒಂದು ಹೆದರಿಕೆ. ಪೊಟ್ಟಣದ ಬಿಸ್ಕೀಟು ಹಾಗಲ್ಲ. ನಿನ್ನೆ ಹೇಗಿತ್ತೋ ಇವತ್ತೂ ಹಾಗೆಯೇ: ಅದೇ ಆಕಾರ, ಅದೇ ಸದ್ದು, ಅದೇ ರುಚಿ. ಮಗುವಿಗೆ ಬೇಕಾದದ್ದು ಆ ಭರವಸೆ. ಪೊಟ್ಟಣದ ಬಣ್ಣ ಬದಲಾದರೆ ಭರವಸೆ ಮುರಿದಂತೆ.

ಬೇರೆ ಕಾರಣಗಳೂ ಉಂಟು. ಹೊಟ್ಟೆಯೊಳಗಿನ ಸೂಚನೆಗಳು ಕೆಲವರಿಗೆ ಸರಿಯಾಗಿ ತಿಳಿಯುವುದಿಲ್ಲ; ಹಸಿವಾಗಿದೆಯೋ, ಹೊಟ್ಟೆ ತುಂಬಿದೆಯೋ ಎಂಬುದೇ ಗೊತ್ತಾಗುವುದಿಲ್ಲ. ಕೆಲವರಿಗೆ ಅಗಿಯುವ, ನುಂಗುವ ಸ್ನಾಯುಗಳ ಹೊಂದಾಣಿಕೆ ಸಾಲದು. ಮಲಬದ್ಧತೆ, ಎದೆಯುರಿ, ಹಲ್ಲುನೋವು ಇದ್ದರೂ ಹೇಳಲು ಬಾರದು. ಹೇಳಲಾರದ ನೋವು ತಾಟನ್ನು ದೂಡುವುದರಲ್ಲಿ ಕಾಣಿಸುತ್ತದೆ. ಒಮ್ಮೆ ಗಂಟಲಿಗೆ ಸಿಕ್ಕಿದ ತುತ್ತಿನ ನೆನಪು ವರ್ಷಗಟ್ಟಲೆ ಉಳಿಯಬಹುದು.

"ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು" ಎಂಬ ಗಾದೆ ನಮ್ಮಲ್ಲಿದೆ. ಅದನ್ನು ನಂಬಿ, "ಹಸಿವು ಹತ್ತಿದ್ರ ತಾನ ತಿಂತಾನ ಬಿಡ್ರಿ" ಎಂದು ಮಗುವನ್ನು ಉಪವಾಸ ಕೆಡವುವವರಿದ್ದಾರೆ. ಸಾಮಾನ್ಯ ಮಗುವಿನ ಮಟ್ಟಿಗೆ ಈ ಗಾದೆ ನಿಜವಾದೀತು. ಇಂಥ ಮಗುವಿನ ಮಟ್ಟಿಗೆ ನಿಜವಲ್ಲ. ಅದು ಹಸಿದು ಬಳಲೀತು, ಆಸ್ಪತ್ರೆ ಸೇರೀತು. ಬೇಡವಾದದ್ದನ್ನು ಮಾತ್ರ ತಿನ್ನದು.

ಸಾಧಾರಣ ತಕರಾರು ಯಾವಾಗ ಕಾಯಿಲೆಯಾಗುತ್ತದೆ?

ಎರಡರಿಂದ ಐದು ವರ್ಷದ ಹೆಚ್ಚಿನ ಮಕ್ಕಳು ಊಟದಲ್ಲಿ ತಕರಾರು ಮಾಡುತ್ತಾರೆ. ಅದು ಕ್ರಮೇಣ ಸರಿಹೋಗುತ್ತದೆ. ಆದರೆ ತಿನ್ನುವ ಪದಾರ್ಥಗಳು ದಿನೇ ದಿನೇ ಕಡಿಮೆಯಾಗುತ್ತಿದ್ದರೆ, ತೂಕ ಇಳಿದರೆ ಅಥವಾ ಏರದೆ ನಿಂತರೆ, ರಕ್ತಹೀನತೆಯಂಥ ಕೊರತೆಗಳು ಕಂಡರೆ, ಊಟದ ಹೆದರಿಕೆಯಿಂದ ಮಗು ಮದುವೆ ಮುಂಜಿಗೆ, ಶಾಲೆಗೆ ಹೋಗಲಾರದಂತಾದರೆ ಅದು ತಕರಾರಲ್ಲ, ಕಾಯಿಲೆ. ವೈದ್ಯರು ಇದನ್ನು ಚುಟುಕಾಗಿ 'ಆರ್ಫಿಡ್' ಎನ್ನುತ್ತಾರೆ. ತಪ್ಪಿಸಿ ತಿನ್ನುವ, ಮಿತಿಮೀರಿ ಆರಿಸಿ ತಿನ್ನುವ ಕಾಯಿಲೆ ಎಂದು ಅರ್ಥ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದಕ್ಕೆ ಈ ಹೆಸರು ಕೊಟ್ಟಿತು. ದಪ್ಪಗಾಗುವ ಭಯಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ವಲೀನತೆ ಇಲ್ಲದವರಿಗೂ ಇದು ಬರುತ್ತದೆ, ಇರುವವರಲ್ಲಿ ಹೆಚ್ಚು.

ಮಗು ಮೈಕೈ ತುಂಬಿಕೊಂಡಿದೆ, ಚಿಂತೆಯಿಲ್ಲ ಎಂದು ಸುಮ್ಮನಿರಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 2019ರಲ್ಲಿ ಒಬ್ಬ ತರುಣನ ವೃತ್ತಾಂತ ಪ್ರಕಟಿಸಿದರು. ಅವನು ಪ್ರಾಥಮಿಕ ಶಾಲೆಯ ದಿನಗಳಿಂದ ಕರಿದ ಬಟಾಟೆ, ಚಿಪ್ಸು, ಬಿಳಿ ಬ್ರೆಡ್ಡು ಮತ್ತು ಸಂಸ್ಕರಿಸಿದ ಮಾಂಸದ ತುಣುಕುಗಳ ಮೇಲೆಯೇ ಬದುಕಿದ್ದ. ಬೇರೆ ಪದಾರ್ಥಗಳ ಸ್ಪರ್ಶ ಅವನಿಗೆ ಆಗುತ್ತಿರಲಿಲ್ಲ. ಎತ್ತರ ತೂಕಗಳಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಬಿ-12 ಜೀವಸತ್ವ, ತಾಮ್ರ ಮುಂತಾದವುಗಳ ಕೊರತೆಯಿಂದ ಕಣ್ಣಿನ ನರಗಳು ಹಾಳಾಗಿ ಹದಿನೇಳನೆಯ ವಯಸ್ಸಿಗೆ ದೃಷ್ಟಿಯ ಬಹುಪಾಲು ಹೋಯಿತು. ಅದು ಮರಳಿ ಬರಲಿಲ್ಲ. ಅವನಿಗೆ ಸ್ವಲೀನತೆ ಇತ್ತೆಂದು ವೈದ್ಯರು ಹೇಳಿಲ್ಲ. ನಾಲ್ಕೇ ಪದಾರ್ಥಗಳ ಊಟ ಏನು ಮಾಡಬಲ್ಲದೆಂಬುದಕ್ಕೆ ಮಾತ್ರ ಇದು ಉದಾಹರಣೆ. ಹಣ್ಣು ತರಕಾರಿ ಮುಟ್ಟದ ಸ್ವಲೀನ ಮಕ್ಕಳಲ್ಲಿ ಒಸಡಿನಿಂದ ರಕ್ತ ಬರುವ, ಕಾಲುನೋವಿನಿಂದ ನಡೆಯಲಾರದಂತಾಗುವ ಸ್ಕರ್ವಿ ರೋಗವೂ ವರದಿಯಾಗಿದೆ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. ಕೆಲವು ಮಕ್ಕಳು ಮಣ್ಣು, ಬಳಪ, ಗೋಡೆಯ ಸುಣ್ಣ, ಕೂದಲು, ಕಾಗದ ತಿನ್ನುತ್ತಾರೆ. ಕಬ್ಬಿಣದ ಅಂಶ ಕಡಿಮೆಯಾದ ಮಕ್ಕಳಲ್ಲೂ ಇದು ಉಂಟು, ಸ್ವಲೀನತೆಯಲ್ಲಿ ಇನ್ನೂ ಹೆಚ್ಚು. ಹಳೆಯ ಬಣ್ಣದ ಪುಡಿಯಿಂದ ಸೀಸದ ವಿಷ ಏರಬಹುದು, ಮಣ್ಣಿನಿಂದ ಜಂತು ಸೇರಬಹುದು. ಹೊಡೆದು ಬಿಡಿಸಲು ಹೋಗದೆ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಅಕ್ಕನ ಉಪವಾಸ

ಈಗ ಅಕ್ಕನ ಕಡೆಗೆ ಬರೋಣ. ಅವಳದು ಅನೊರೆಕ್ಸಿಯ ನರ್ವೋಸ ಎಂಬ ಕಾಯಿಲೆ ಇರಬಹುದು. ತಿನ್ನುವುದನ್ನು ಬೇಕೆಂದೇ ಕಡಿಮೆ ಮಾಡುತ್ತ ಹೋಗಿ ದೇಹ ಸೊರಗುವ ಈ ಕಾಯಿಲೆ ಹದಿಹರೆಯದ ಹುಡುಗಿಯರಲ್ಲಿ ಹೆಚ್ಚು. ಹುಡುಗರಲ್ಲೂ ಉಂಟು. ಮನಸ್ಸಿನ ಕಾಯಿಲೆಗಳಲ್ಲಿ ಜೀವಕ್ಕೆ ಅತಿ ಹೆಚ್ಚು ಅಪಾಯ ತರುವವುಗಳಲ್ಲಿ ಇದೂ ಒಂದು.

ಇದು ಪಟ್ಟಣದ ಸಿರಿವಂತರ ಕಾಯಿಲೆ, ಬಳುಕುವ ಬಳ್ಳಿಯಂತಾಗುವ ಹುಚ್ಚು ಎಂದು ನಾವು ತಿಳಿದಿದ್ದೇವೆ. 1995ರಲ್ಲಿಯೇ ದೆಹಲಿಯ ವೈದ್ಯರು ಐವರು ಯುವತಿಯರ ವೃತ್ತಾಂತ ಪ್ರಕಟಿಸಿ, ಪಶ್ಚಿಮದ ಪುಸ್ತಕಗಳಲ್ಲಿರುವ ಲಕ್ಷಣಗಳೆಲ್ಲ ನಮ್ಮಲ್ಲಿ ಹಾಗೆಯೇ ಕಾಣುವುದಿಲ್ಲವೆಂದು ತೋರಿಸಿದ್ದರು. ನಮ್ಮ ಹುಡುಗಿ "ನಾನು ದಪ್ಪ" ಎನ್ನದೆ ಇರಬಹುದು. "ಹೊಟ್ಟೆ ಭಾರ", "ಸೇರುವುದಿಲ್ಲ", "ಇವತ್ತು ಸಂಕಷ್ಟಿ" ಎನ್ನಬಹುದು. ವ್ರತದ ಮರೆಯಲ್ಲಿ ಕಾಯಿಲೆ ಅಡಗಿ ಕೂರುವುದು ಸುಲಭ. ವ್ರತವನ್ನು ಕಾಯಿಲೆಯಿಂದ ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ: ನಿಜವಾದ ವ್ರತಕ್ಕೆ ಪಾರಣೆ ಇರುತ್ತದೆ. ಪಾರಣೆಯ ದಿನ ಹುಡುಗಿ ನಾಲ್ಕು ಜನರೊಡನೆ ಕೂತು ಸಂತೋಷದಿಂದ ಉಣ್ಣುತ್ತಾಳೆಯೇ, ಅಥವಾ ಅಂದೂ ನೆಪ ಹುಡುಕುತ್ತಾಳೆಯೇ ಎಂದು ನೋಡಿ.

ಈ ಕಾಯಿಲೆಗೂ ಸ್ವಲೀನತೆಗೂ ಏನು ಸಂಬಂಧ? 1983ರಲ್ಲಿ ಸ್ವೀಡನ್ನಿನ ಮನೋವೈದ್ಯ ಕ್ರಿಸ್ಟಫರ್ ಗಿಲ್‌ಬರ್ಗ್ ಇದೇ ಪ್ರಶ್ನೆಯನ್ನು ಒಂದು ವೈದ್ಯಪತ್ರಿಕೆಯಲ್ಲಿ ಎತ್ತಿದರು. ಆಗ ಅದು ಹಲವರಿಗೆ ವಿಚಿತ್ರವೆನಿಸಿತು. ಗಿಲ್‌ಬರ್ಗ್ ಅಲ್ಲಿಗೆ ಬಿಡಲಿಲ್ಲ. ಗೋಥೆನ್‌ಬರ್ಗ್ ನಗರದಲ್ಲಿ ಹದಿಹರೆಯದಲ್ಲಿ ಅನೊರೆಕ್ಸಿಯಕ್ಕೆ ತುತ್ತಾದ 51 ಮಂದಿಯನ್ನು ಅವರ ತಂಡ ದಶಕಗಳ ಕಾಲ ಹಿಂಬಾಲಿಸಿ ನೋಡಿತು. ತೂಕ ಮರಳಿ ಬಂದ ಮೇಲೂ ಅವರಲ್ಲಿ ಕೆಲವರಲ್ಲಿ ಸ್ವಲೀನತೆಯ ಲಕ್ಷಣಗಳು ಉಳಿದೇ ಇದ್ದವು. ಆ ಬಳಿಕ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಅನೊರೆಕ್ಸಿಯಕ್ಕೆ ಚಿಕಿತ್ಸೆಗೆ ಬರುವ ಹೆಣ್ಣುಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಸ್ವಲೀನತೆಯೋ ಅದರ ಬಲವಾದ ಲಕ್ಷಣಗಳೋ ಕಾಣುತ್ತವೆ.

ಇಷ್ಟು ಮಂದಿಯಲ್ಲಿ ಸ್ವಲೀನತೆ ಬಾಲ್ಯದಲ್ಲೇ ಏಕೆ ಪತ್ತೆಯಾಗಲಿಲ್ಲ? ಹೆಣ್ಣುಮಕ್ಕಳು ಅದನ್ನು ಮುಚ್ಚಿಡಲು ಬೇಗ ಕಲಿಯುತ್ತಾರೆ. ಓರಗೆಯವರು ನಕ್ಕಾಗ ನಗುತ್ತಾರೆ, ಅವರ ಮಾತಿನ ಧಾಟಿಯನ್ನು ಅನುಕರಿಸುತ್ತಾರೆ. ಗದ್ದಲ ಮಾಡದ, ಒಬ್ಬಳೇ ಪುಸ್ತಕ ಹಿಡಿದು ಕೂರುವ ಹುಡುಗಿಯನ್ನು ನಾವು "ಭಾಳ ಶಾಣ್ಯಾ, ಸಂಭಾವಿತ" ಎಂದು ಮೆಚ್ಚುತ್ತೇವೆ. ಒಳಗೆ ಅವಳು ದಣಿಯುತ್ತಿರುತ್ತಾಳೆ. ಹದಿಹರೆಯ ಬಂದಾಗ ದೇಹ ಬದಲಾಗುತ್ತದೆ, ಕಾಲೇಜು ಬದಲಾಗುತ್ತದೆ, ಗೆಳೆತನದ ಒಳಸುಳಿಗಳು ತೊಡಕಾಗುತ್ತವೆ. ಯಾವುದೂ ಅವಳ ಕೈಯಲ್ಲಿಲ್ಲ. ತಿನ್ನುವ ಲೆಕ್ಕವೊಂದೇ ಅವಳ ಕೈಯಲ್ಲಿದೆ. ಇಷ್ಟು ತುತ್ತು, ಇಷ್ಟು ಹೊತ್ತಿಗೆ ಎಂಬ ನಿಯಮಗಳು ಅವಳಿಗೆ ನೆಮ್ಮದಿ ಕೊಡುತ್ತವೆ. ಹಸಿವು ಏರಿದಂತೆ ಮನಸ್ಸಿನ ತಳಮಳವೂ ಮಂಕಾಗುತ್ತದೆ. ಕಾಯಿಲೆ ಹೀಗೆ ಆಸರೆಯಾಗಿ ಒಳಗೆ ಬರುತ್ತದೆ.

ಯಾವುದು ಮೊದಲು, ಯಾವುದು ನಂತರ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಉಪವಾಸವೇ ಮನುಷ್ಯನನ್ನು ಬದಲಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಮುಂದೆ ಬಂದ 36 ಆರೋಗ್ಯವಂತ ತರುಣರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇರಿಸಿ ಪರೀಕ್ಷಿಸಿದರು. ನಗುನಗುತ್ತ ಇದ್ದವರು ಮೌನಿಗಳಾದರು. ಗೆಳೆಯರಿಂದ ದೂರವಾದರು. ಇಡೀ ದಿನ ಊಟದ ಯೋಚನೆಯೇ. ತಾಟಿನಲ್ಲಿದ್ದುದನ್ನು ಚೂರು ಚೂರು ಮಾಡಿ, ಗಂಟೆಗಟ್ಟಲೆ ತಿನ್ನುವ ವಿಚಿತ್ರ ರೂಢಿಗಳು ಬಂದವು.

ಅಂದರೆ ಸೊರಗಿದ ಹುಡುಗಿಯೊಬ್ಬಳು ಯಾರೊಡನೆಯೂ ಬೆರೆಯದೆ ಒಂದೇ ನಿಯಮಕ್ಕೆ ಅಂಟಿಕೊಂಡಿದ್ದರೆ ಅದು ಸ್ವಲೀನತೆಯೂ ಇರಬಹುದು, ಬರಿಯ ಉಪವಾಸದ ಪರಿಣಾಮವೂ ಇರಬಹುದು. ವ್ಯತ್ಯಾಸ ಹೇಳಬಲ್ಲವರು ಯಾರು? ತಾಯಿ. ಕಾಯಿಲೆ ಬರುವ ಎಷ್ಟೋ ಮೊದಲು, ಮೂರು ನಾಲ್ಕು ವರ್ಷದವಳಿದ್ದಾಗ ಮಗಳು ಹೇಗಿದ್ದಳು? ಮಾತು ಯಾವಾಗ ಬಂತು? ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದಳೇ? ಒಂದೇ ಅಂಗಿಗಾಗಿ ಅಳುತ್ತಿದ್ದಳೇ? ಓಣಿಯ ಮಕ್ಕಳೊಡನೆ ಆಡುತ್ತಿದ್ದಳೇ ಅಥವಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳೇ? ಈ ನೆನಪುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಿ. ಯಾವ ಯಂತ್ರದ ಪರೀಕ್ಷೆಗಿಂತಲೂ ಆ ಕಾಗದಕ್ಕೆ ಬೆಲೆ ಹೆಚ್ಚು.

ಇದು ಬರೀ ಹೆಸರಿಡುವ ಪ್ರಶ್ನೆಯಲ್ಲ. ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಅನೊರೆಕ್ಸಿಯ ಇರುವವರನ್ನು ಗುಂಪಿನಲ್ಲಿ ಕೂರಿಸಿ ಉಣ್ಣಿಸುವುದು, ಬಗೆಬಗೆಯ ಪದಾರ್ಥ ಕೊಡುವುದು ಚಿಕಿತ್ಸೆಯ ಸಾಮಾನ್ಯ ಕ್ರಮ. ಸ್ವಲೀನತೆಯೂ ಇದ್ದವರಿಗೆ ಈ ಗದ್ದಲ, ಈ ಬದಲಾವಣೆಗಳೇ ಹಿಂಸೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಬಳಗ ಇಂಥವರಿಗಾಗಿಯೇ ಬೇರೆ ಕ್ರಮವೊಂದನ್ನು ರೂಪಿಸಿದೆ. ಸಾದಾ ಬಣ್ಣ, ಸಾದಾ ರುಚಿಯ ಊಟದ ಪಟ್ಟಿ, ಕಡಿಮೆ ಸದ್ದು, ಮುಂದೇನು ನಡೆಯುತ್ತದೆ ಎಂಬುದನ್ನು ಮೊದಲೇ ಬರೆದು ತಿಳಿಸುವುದು ಅದರ ತಿರುಳು. ದುಬಾರಿ ಉಪಕರಣ ಯಾವುದೂ ಇಲ್ಲ. ನಮ್ಮ ಮನೆಗಳಲ್ಲೂ ಮಾಡಬಹುದಾದದ್ದೇ.

ಮನೆಯಲ್ಲಿ ಏನು ಮಾಡಬೇಕು?

1. ಮೊದಲು ಪಟ್ಟಿ ಬರೆಯಿರಿ. ಒಂದು ವಾರ ಮಗು ಏನು, ಎಷ್ಟು, ಯಾವ ಹೊತ್ತಿಗೆ ತಿಂದಿತೆಂದು ನೋಟುಬುಕ್ಕಿನಲ್ಲಿ ಗುರುತು ಮಾಡಿ. ತಿನ್ನುವ ಪದಾರ್ಥಗಳಲ್ಲಿ ಸಮಾನವಾದದ್ದೇನು? ಗರಿಗರಿಯೇ, ಬಿಳಿಯ ಬಣ್ಣವೇ, ತಣ್ಣಗಿನದೇ? ದಾರಿ ಅಲ್ಲಿಯೇ ಸಿಗುತ್ತದೆ.

2. ಮಗು ನಂಬಿದ ಪದಾರ್ಥಗಳನ್ನು ಕಸಿದುಕೊಳ್ಳಬೇಡಿ. ಪ್ರತಿ ಊಟದಲ್ಲೂ ಅವುಗಳಲ್ಲಿ ಒಂದಾದರೂ ತಾಟಿನಲ್ಲಿರಲಿ.

3. ಸಣ್ಣ ಸಣ್ಣ ಹೆಜ್ಜೆ ಇಡಿ. ಚಿಪ್ಸು ತಿನ್ನುವ ಮಗುವಿಗೆ ಮನೆಯಲ್ಲಿ ಕರಿದ ಬಟಾಟೆ, ಆಮೇಲೆ ಹಪ್ಪಳ ಸಂಡಿಗೆ, ಆಮೇಲೆ ತೆಳುವಾದ ಖಡಕ್ ರೊಟ್ಟಿಯ ಚೂರು. ಬಿಸಿ ಮೆತ್ತನೆಯ ರೊಟ್ಟಿ ಒಲ್ಲೆಂದ ಮಗು ಖಡಕ್ ರೊಟ್ಟಿಯನ್ನು ಒಪ್ಪಬಹುದು. ಅದರ ಸದ್ದು, ಗರಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಅದನ್ನು ಒಪ್ಪಿದ ಮೇಲೆ ಶೇಂಗಾ ಚಟ್ನಿ ಪಕ್ಕದಲ್ಲಿ ಒಂದು ಚಿಟಿಕೆ.

4. ಹೊಸದನ್ನು ತಿನ್ನಲೇಬೇಕೆಂದಿಲ್ಲ. ಮೊದಲು ತಾಟಿನಲ್ಲಿರಲಿ, ಆಮೇಲೆ ಮುಟ್ಟಲಿ, ಮೂಸಲಿ, ನೆಕ್ಕಲಿ. ಒಂದು ಪದಾರ್ಥ ಒಪ್ಪಿಗೆಯಾಗಲು ಹತ್ತು ಹದಿನೈದು ಸಲವಲ್ಲ, ಅದಕ್ಕಿಂತ ಹೆಚ್ಚು ಸಲ ಬೇಕಾಗಬಹುದು.

5. ಅನ್ನ, ಸಾರು, ಪಲ್ಯ ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಬಟ್ಟಲಲ್ಲಿ ಕೊಡಿ. ಅದೇ ತಾಟು, ಅದೇ ಜಾಗ, ಅದೇ ಹೊತ್ತು. ಹಸಿವು ತಿಳಿಯದವರಿಗೆ ಗಡಿಯಾರವೇ ಹಸಿವು.

6. ಊಟಕ್ಕೆ ಅರ್ಧ ಗಂಟೆ ಸಾಕು. ಮುಗಿಯದಿದ್ದರೆ ಬೈಯದೆ ಎತ್ತಿಡಿ.

ಏನು ಮಾಡಬಾರದು?

ಮೂಗು ಹಿಡಿದು ಬಾಯಿಗೆ ತುರುಕಬೇಡಿ. ಹಾಗೆ ಮಾಡಿದರೆ ಉಸಿರುಗಟ್ಟುವ ಅಪಾಯವಿದೆ, ಜೊತೆಗೆ ಊಟವೆಂದರೆ ಹೆದರಿಕೆ ಎಂಬುದು ಮಗುವಿನ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಮೊಸರನ್ನದೊಳಗೆ ಗುಟ್ಟಾಗಿ ಪಲ್ಯ ಬೆರೆಸಬೇಡಿ. ಪತ್ತೆಯಾದ ದಿನ ಮೊಸರನ್ನವೂ ಕೈಬಿಡುತ್ತದೆ. ನಾಲ್ಕು ಜನರೆದುರು ಹೋಲಿಸಿ ಹೀಯಾಳಿಸಬೇಡಿ.

ಸ್ವಲೀನತೆ ವಾಸಿಯಾಗಲೆಂದು ಗೋಧಿ ಮತ್ತು ಹಾಲನ್ನು ಸಂಪೂರ್ಣ ಬಿಡಿಸುವ ಪಥ್ಯವನ್ನು ಕೆಲವರು ಹೇಳುತ್ತಾರೆ. ಅದರಿಂದ ಸ್ವಲೀನತೆ ಕಡಿಮೆಯಾಗುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ನಾಲ್ಕೇ ಪದಾರ್ಥ ತಿನ್ನುವ ಮಗುವಿನಿಂದ ಹಾಲು ಮೊಸರನ್ನೂ ಕಿತ್ತುಕೊಂಡರೆ ಗತಿಯೇನು? ವೈದ್ಯರು ಪರೀಕ್ಷಿಸಿ ಹೇಳಿದ ಹೊರತು ಇಂಥ ಪಥ್ಯ ಬೇಡ.

ಸಿಟ್ಟು, ರಂಪಾಟಕ್ಕೆ ಕೊಡುವ ರಿಸ್ಪೆರಿಡೋನ್‌ನಂಥ ಮಾತ್ರೆಗಳು ಹಸಿವನ್ನೂ ತೂಕವನ್ನೂ ಏರಿಸುತ್ತವೆ. ಚಂಚಲತೆಗೆ ಕೊಡುವ ಕೆಲವು ಮಾತ್ರೆಗಳು ಹಸಿವನ್ನು ಇಳಿಸುತ್ತವೆ. ನೀವಾಗಿಯೇ ನಿಲ್ಲಿಸದೆ, ತೂಕದ ಲೆಕ್ಕವನ್ನು ವೈದ್ಯರಿಗೆ ತೋರಿಸಿ.

ಶಿಕ್ಷಕರಿಗೆ ಒಂದು ಮಾತು

ನಮ್ಮ ರಾಜ್ಯದಲ್ಲಿ ಶಾಲೆಯ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂಬ ಚೆಂದದ ಹೆಸರಿದೆ. ಹೆಚ್ಚಿನ ಮಕ್ಕಳಿಗೆ ಅದು ವರ. ಆದರೆ ಸಾಲಾಗಿ ಕೂತು, ಸದ್ದಿನ ನಡುವೆ, ಬೆರೆಸಿದ ಸಾಂಬಾರು ಅನ್ನ ಉಣ್ಣುವುದು ಸ್ವಲೀನ ಮಗುವಿಗೆ ದಿನದ ಅತಿ ಕಷ್ಟದ ಗಳಿಗೆ. ಪಕ್ಕದವನ ತಾಟಿನ ಮೊಟ್ಟೆಯ ವಾಸನೆಗೇ ವಾಂತಿ ಬರಬಹುದು. ಅವನನ್ನು ಜಗಲಿಯ ತುದಿಯಲ್ಲಿ ಕೂರಿಸಿ, ಸಾಂಬಾರು ಇಲ್ಲದ ಅನ್ನ ಹಾಕಿಸಿ, ಮನೆಯ ಡಬ್ಬಿಗೆ ಅವಕಾಶ ಕೊಡಿ. "ಎಲ್ಲರೂ ತಿನ್ನುವಾಗ ನಿನಗೇನು ದೊಡ್ಡಸ್ತಿಕೆ?" ಎಂಬ ಒಂದು ಮಾತು ಮಗುವನ್ನು ಶಾಲೆಯಿಂದಲೇ ದೂರ ಮಾಡೀತು. ದಾಸೋಹವೆಂದರೆ ಬಂದವನಿಗೆ ಸಲ್ಲುವುದನ್ನು ಸಲ್ಲಿಸುವುದಲ್ಲವೇ?

ಯಾರ ಬಳಿಗೆ ಹೋಗಬೇಕು?

ಮೊದಲು ಮಕ್ಕಳ ವೈದ್ಯರಲ್ಲಿ ಹೋಗಿ ತೂಕ, ಎತ್ತರ, ಹಿಮೋಗ್ಲೋಬಿನ್, ಬಿ-12 ಮತ್ತು ಡಿ ಜೀವಸತ್ವಗಳನ್ನು ಪರೀಕ್ಷಿಸಿ. ಹಲ್ಲು, ಮಲಬದ್ಧತೆಗಳನ್ನೂ ನೋಡಿಸಿ. ಶಾಲೆ ಮತ್ತು ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿದರೆ ಅವರು ಜಿಲ್ಲೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಸಂಕೇಶ್ವರದ ಕಡೆಯವರಿಗೆ ಬೆಳಗಾವಿ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮಾತು ಮತ್ತು ನುಂಗುವಿಕೆಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿಮಾನಸ್ ಸೇವೆಯಿದು. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ವಲೀನತೆಯನ್ನು ಗುರುತಿಸಿದೆ. ಪ್ರಮಾಣಪತ್ರ ಮಾಡಿಸಿಕೊಂಡರೆ 'ನಿರಾಮಯ' ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು.

ತಡಮಾಡಬಾರದ ಲಕ್ಷಣಗಳು ಇವು: ತಲೆ ಸುತ್ತಿ ಬೀಳುವುದು, ಮುಟ್ಟು ನಿಲ್ಲುವುದು, ಕೈಕಾಲು ತಣ್ಣಗಾಗುವುದು, ನಾಡಿ ನಿಧಾನವಾಗುವುದು, ನೀರನ್ನೂ ಒಲ್ಲೆನ್ನುವುದು, ಸಾಯುವ ಮಾತಾಡುವುದು. ಇಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬಹಳ ದಿನ ಉಪವಾಸವಿದ್ದವರಿಗೆ ಮನೆಯಲ್ಲಿ ಒಮ್ಮೆಲೇ ಹೊಟ್ಟೆ ತುಂಬ ಉಣ್ಣಿಸಬೇಡಿ. ರಕ್ತದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೆ ಅಪಾಯವಾಗಬಹುದು. ವೈದ್ಯರ ಕಣ್ಣೆದುರು ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು.

ಮತ್ತೆ ಆ ಪಂಕ್ತಿಗೆ ಹೋಗೋಣ. ಮುಂದಿನ ಸಲ ನಿಮ್ಮ ಪಕ್ಕದಲ್ಲಿ ಮಗುವೊಂದು ಕಿವಿ ಮುಚ್ಚಿಕೊಂಡು ಅತ್ತರೆ, ಅದರ ತಾಯಿಗೆ ಬುದ್ಧಿ ಹೇಳಬೇಡಿ. "ಹೊರಗ ಗಾಳಿಗೆ ಕರಕೊಂಡು ಹೋಗವಾ, ನಿನ್ನ ತಾಟ ನಾ ನೋಡಿಕೋತೀನಿ" ಎನ್ನಿ. ಮನೆಗೆ ಬಂದ ಮೇಲೆ, ವ್ರತದ ನೆಪದಲ್ಲಿ ಸೊರಗುತ್ತಿರುವ ನಿಮ್ಮದೇ ಮಗಳೊಬ್ಬಳಿದ್ದರೆ, ಅವಳ ತಾಟಿನ ಲೆಕ್ಕ ಕೇಳುವ ಮೊದಲು ಅವಳ ಮನಸ್ಸಿನ ಸುದ್ದಿ ಕೇಳಿ.